ಕಾಳಿ ಎರಡರ ಟ್ಯೂಬಾ ಮತ್ತು ನನ್ನ ಬಡ್ತಿ

ಧಾರವಾಡದಲ್ಲಿ ಬದುಕುವುದು ಸುಲಭ, ಗುನುಗುವುದು ಕಷ್ಟ. ಬೇರೆ ಊರುಗಳಲ್ಲಿ ಮನುಷ್ಯ ಬಚ್ಚಲುಮನೆಯಲ್ಲಿ ತಂಬಿಗೆ ನೀರು ಸುರಿದುಕೊಳ್ಳುತ್ತ ಮನಸಾರೆ ಅರಚಿಕೊಂಡರೆ ಯಾರೂ ಚಕಾರವೆತ್ತುವುದಿಲ್ಲ. ಇಲ್ಲಿ ಹಾಗಲ್ಲ. ಒಮ್ಮೆ ನಾನು ಹೀಗೇ ಏನೋ ಗುನುಗುತ್ತ ಸ್ನಾನ ಮುಗಿಸಿ ಹೊರಗೆ ಬಂದರೆ, ಕಂಪೌಂಡಿನ ಆಚೆ ಪೂಜೆಗೆ ಹೂವು ಹರಿಯುತ್ತಿದ್ದ ನಿವೃತ್ತ ಪೋಸ್ಟ್ ಮಾಸ್ತರರು, "ಅಂಗಡಿ ಸರ, ಛಲೋ ಇತ್ತರಿ. ಆದ್ರ ನಿಷಾದ ಯಾಕೋ ಸ್ವಲ್ಪ ಇಳದಂಗಾತು," ಎಂದು ಮರುಗಿದರು. ನನ್ನ ಹಾಡಿನಲ್ಲಿ ನಿಷಾದ ಎಂಬುದೊಂದು ಇತ್ತು ಎನ್ನುವುದೇ ನನಗೆ ಹೊಸ ಸುದ್ದಿ. ಈ ಊರಿನಲ್ಲಿ ಹಾಡುವವರು ಹೆಚ್ಚೋ ಕಡಿಮೆಯೋ ನಾನು ಹೇಳಲಾರೆ. ಕೇಳಿ ತಪ್ಪು ಹಿಡಿಯುವವರಿಗಂತೂ ಎಂದೂ ಬರ ಬಂದಿಲ್ಲ. ಅಂದಿನಿಂದ ನಾನು ಮೌನವಾಗಿ ಮೀಯುತ್ತಿದ್ದೇನೆ.

ನಿಜ ಹೇಳಬೇಕೆಂದರೆ, ದೇವರು ನನಗೆ ಎರಡು ಕಿವಿ ಕೊಟ್ಟದ್ದು ಕನ್ನಡಕದ ಕಡ್ಡಿಗಳಿಗೆ ಆಸರೆಯಾಗಲಿ ಎಂದು. ಷಡ್ಜ ಯಾವುದು ಪಂಚಮ ಯಾವುದು ಎಂದು ಕೇಳಿದರೆ ನಾನು ಹಾಡುವವರ ಮುಖ ನೋಡಿ ಊಹಿಸಬೇಕು. ನನ್ನ ಪಾಲಿನ ಕಿವಿಯನ್ನೂ ಸೇರಿಸಿ ಕೊಟ್ಟಂತೆ ಹೆಂಡತಿ ಗಿರಿಜಾಗೆ ಕೊಟ್ಟಿದ್ದಾನೆ. ಆಕೆ ಮದುವೆಗೆ ಮುಂಚೆ ಗುರುಗಳ ಮುಂದೆ ಕೂತು ಹಾಡು ಕಲಿತವಳು. ಕುಕ್ಕರಿನ ಸೀಟಿ ಎಂದಿಗಿಂತ ಮೇಲೇರಿದರೆ, "ಇವತ್ತ ಯಾಕೋ ಏರೇತಿ," ಎಂದು ಅಡುಗೆಮನೆಗೆ ಓಡುತ್ತಾಳೆ. ಅದು ಶ್ರುತಿಯ ಚಿಂತೆಯೋ ಬೇಳೆಯದೋ ಎಂದು ಕೇಳುವ ಧೈರ್ಯ ನಾನು ಮಾಡಿಲ್ಲ.

ಇಂಥ ನಾನು ಸಂಗೀತದ ವಾದ್ಯವೊಂದನ್ನು ಮನೆಗೆ ಹೊತ್ತು ತಂದೆನೆಂದರೆ ಅದಕ್ಕೆ ಕಾರಣ ಬಡ್ತಿ. ತೊಂಬತ್ತರ ದಶಕದ ನಡುಮಧ್ಯದ ಮಾತು. ನಾನು ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದೆ, ಸಪ್ತಾಪುರದ ಬಾಡಿಗೆ ಮನೆಯಲ್ಲಿದ್ದೆ. ಹಿರಿಯ ಶ್ರೇಣಿ ಸಿಗಬೇಕಾದರೆ ಕಮಿಟಿಯ ಮುಂದೆ ಒಂದು ಪೇಪರ್ ಓದಬೇಕಿತ್ತು. ನಾನು ಈ ವರ್ಷ ಆ ವರ್ಷ ಎಂದು ಮುಂದೂಡುತ್ತ ಬಂದಿದ್ದೆ. ಅಷ್ಟರಲ್ಲಿ ನನಗಿಂತ ಎಷ್ಟೋ ಕಿರಿಯನಾದ ಕೆಮಿಸ್ಟ್ರಿಯವನಿಗೆ ಬಡ್ತಿಯಾಯಿತು. ಆತನ ಹೆಂಡತಿ ಅರಿಷಿಣ ಕುಂಕುಮದ ನೆಪದಲ್ಲಿ ಗಿರಿಜಾಳನ್ನು ಕರೆದು, ಉಡಿ ತುಂಬುತ್ತ ತುಂಬುತ್ತ, "ನಿಮ್ಮವರದು ಇನ್ನೂ ಆಗಿಲ್ಲೇನ್ರಿ ಅಕ್ಕಾರ?" ಎಂದು ಬಹಳ ಮರುಕದಿಂದ ಕೇಳಿದಳಂತೆ. ಗಿರಿಜಾ ಮನೆಗೆ ಬಂದವಳೇ ಕುಬುಸದ ಖಣವನ್ನು ಮೇಜಿನ ಮೇಲೆ ಒಗೆದು, "ನೀವು ಪೇಪರ್ ಓದೂತನಕ ನಾ ಯಾರ ಮನಿಗೂ ಕುಂಕುಮಕ್ಕ ಹೋಗಾಂಗಿಲ್ಲ," ಎಂದಳು. ಮರುದಿನ ಪ್ರಿನ್ಸಿಪಾಲರೂ ಕರೆದು, "ಈ ಸಲ ಓದಲಿಲ್ಲಂದ್ರ ಕಮಿಟಿ ಮತ್ತ ಯಾವಾಗ ಕೂಡತೈತೋ ಆ ದೇವರಿಗೇ ಗೊತ್ತು, ನೋಡ್ರಿ," ಎಂದರು. ನಾನು ಎರಡೂ ಕಡೆಯಿಂದ ಸಿಕ್ಕಿಬಿದ್ದೆ.

ಓದುವುದಕ್ಕೆ ನನಗೆ ಹೆದರಿಕೆಯಿರಲಿಲ್ಲ. ಓದಿದ ಮೇಲೆ ಕೇಳುವ ಪ್ರಶ್ನೆಗಳ ಹೆದರಿಕೆ. ಕಮಿಟಿಯ ಅಧ್ಯಕ್ಷರು ಕಟ್ಟಿ ಸರ್. ನನಗೂ ಒಂದು ಕಾಲಕ್ಕೆ ಪಾಠ ಹೇಳಿದವರು. ಪೇಪರ್ ಓದುವಷ್ಟು ಹೊತ್ತು ಕಣ್ಣು ಮುಚ್ಚಿ ಕೂತು, ಕೊನೆಗೆ ಒಂದು ಬೆರಳೆತ್ತಿ, "ಒಂದ ಸಣ್ಣ ಸಂಶಯ ಅದ," ಎನ್ನುವುದು ಅವರ ಪದ್ಧತಿ. ಆ ಸಣ್ಣ ಸಂಶಯಕ್ಕೆ ಸಿಕ್ಕು ದೊಡ್ಡ ದೊಡ್ಡವರು ಬೆವರಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಆದ್ದರಿಂದ ಇಡೀ ಜಿಲ್ಲೆಯಲ್ಲಿ ಯಾರಿಗೂ ಗಂಧ ಗಾಳಿ ಇಲ್ಲದ ವಿಷಯವೊಂದನ್ನು ನಾನು ಹುಡುಕುತ್ತಿದ್ದೆ. ಅದು ಸಿಕ್ಕಿದ್ದು ಹುಬ್ಬಳ್ಳಿಯ ದುರ್ಗದ ಬೈಲಿನ ಹತ್ತಿರ, ಮದುವೆಯ ಮೆರವಣಿಗೆಯೊಂದರ ಹಿಂದೆ ನನ್ನ ಸ್ಕೂಟರ್ ಸಿಕ್ಕಿಕೊಂಡಾಗ. ಬ್ಯಾಂಡಿನ ಕೊನೆಯ ಸಾಲಿನಲ್ಲಿ ಒಬ್ಬಾತ ಸುರುಳಿ ಸುರುಳಿಯಾದ ದೊಡ್ಡದೊಂದು ಹಿತ್ತಾಳೆಯ ವಾದ್ಯವನ್ನು ಎದೆಗವಚಿಕೊಂಡು 'ಭೋಂ, ಭೋಂ' ಎನ್ನಿಸುತ್ತಿದ್ದ. ಧಾರವಾಡದವರಿಗೆ ತಂಬೂರಿ ಗೊತ್ತು, ತಬಲಾ ಗೊತ್ತು, ಹಾರ್ಮೋನಿಯಂ ಗೊತ್ತು. ಟ್ಯೂಬಾ ಯಾರಿಗೆ ಗೊತ್ತು? ಕೊಳವೆಯೊಳಗಿನ ಗಾಳಿಯ ಕಂಪನ ಎಂದುಬಿಟ್ಟರೆ ಭೌತಶಾಸ್ತ್ರವೂ ಆಯಿತು. ವಿಷಯ ಅಲ್ಲಿಯೇ, ಸ್ಕೂಟರಿನ ಮೇಲೆಯೇ ನಿಶ್ಚಯವಾಯಿತು: ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಟ್ಯೂಬಾದ ಆಕಾರ ಮತ್ತು ಶ್ರುತಿಯ ಆಯ್ಕೆಗಳು.

ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಗೆದ್ದಲು ತಿಂದುಳಿದ ಹಳೆಯ ಪುಸ್ತಕಗಳು ಸಿಕ್ಕವು. ಓದುತ್ತ ಹೋದಂತೆ ನನಗೆ ಗಾಬರಿಯಾಯಿತು. ಟ್ಯೂಬಾ ಎಂದರೆ ಒಂದು ವಾದ್ಯ ಎಂದುಕೊಂಡಿದ್ದೆ. ಅದೊಂದು ದೊಡ್ಡ ಒಟ್ಟು ಕುಟುಂಬ. ಪುಸ್ತಕದಲ್ಲಿ ಇ ಫ್ಲ್ಯಾಟು, ಬಿ ಫ್ಲ್ಯಾಟು ಎಂದು ಬರೆದಿದ್ದು ನನ್ನ ತಲೆಗೆ ಹತ್ತಲಿಲ್ಲ. ಗಿರಿಜಾಳ ಎದುರು ಹಿಡಿದಾಗ ಆಕೆ ರೊಟ್ಟಿ ಬಡಿಯುತ್ತಲೇ, "ಇದೇನ ದೊಡ್ಡ ವಿದ್ಯಾ? ಹಾರ್ಮೋನಿಯಮ್ಮಿನ ಬಿಳಿ ಮನಿ ಅಂದ್ರ ಪಾಂಢರಿ, ಕರಿ ಮನಿ ಅಂದ್ರ ಕಾಳಿ. ನಿಮ್ಮ ಇ ಫ್ಲ್ಯಾಟ್ ಅಂದ್ರ ಕಾಳಿ ಎರಡು, ಬಿ ಫ್ಲ್ಯಾಟ್ ಅಂದ್ರ ಕಾಳಿ ಐದು, ಸುಮ್ಮನ ಬರಕೋರಿ," ಎಂದಳು. ಬರೆದುಕೊಂಡೆ. ಆಮೇಲೆ ಇಡೀ ಯುರೋಪು ನಮ್ಮ ಮನೆಯ ಜಗುಲಿಯಲ್ಲಿ ಬಂದು ಕೂತ ಹಾಗಾಯಿತು.

ಟ್ಯೂಬಾ ಹುಟ್ಟಿದ್ದು ಜರ್ಮನಿಯಲ್ಲಿ, ಪಾಂಢರಿ ನಾಲ್ಕರಲ್ಲಿ. ಇಪ್ಪತ್ತನೆಯ ಶತಮಾನ ಕಣ್ಣು ಬಿಡುವ ಹೊತ್ತಿಗೆ ಪ್ರತಿ ದೇಶವೂ ತನ್ನದೇ ಹಟ ಹಿಡಿದಿತ್ತು. ಜರ್ಮನಿಯವರು ಪಾಂಢರಿ ನಾಲ್ಕರ ಜೊತೆಗೆ ಕಾಳಿ ಐದರ ಒಂದು ಭಾರೀ ಟ್ಯೂಬಾ ಮಾಡಿ ಇಟ್ಟುಕೊಂಡರು. ಫ್ರೆಂಚರು ಪಾಂಢರಿ ಒಂದರಲ್ಲಿ ಒಂದು ಪುಟ್ಟ ಟ್ಯೂಬಾ ಮಾಡಿ, ಅದಕ್ಕೆ ಆರು ವಾಲ್ವು, ಅಂದರೆ ಬೆರಳಿಂದ ಒತ್ತುವ ಗುಂಡಿ, ಕೂಡಿಸಿ, ಇದೇ ಖರೇ ಟ್ಯೂಬಾ ಎಂದರು. ಇಂಗ್ಲಿಷರು ಬ್ಯಾಂಡಿಗೆ ಕಾಳಿ ಎರಡು ಮತ್ತು ಕಾಳಿ ಐದು ಎಂದು ನಿಶ್ಚಯಿಸಿದರು. ಎರಡು ಮೂರು ಗುಂಡಿ ಒಟ್ಟಿಗೆ ಒತ್ತಿದರೆ ಸ್ವರ ಇರಬೇಕಾದ್ದಕ್ಕಿಂತ ಮೇಲೇರುತ್ತದೆ ಎಂದು ಗೊತ್ತಾಗಿ, ಅದನ್ನು ಕೆಳಗಿಳಿಸಲು ಹಿಂಬದಿಗೆ ಇನ್ನಷ್ಟು ಸಣ್ಣ ಕೊಳವೆ ಬೆಸೆದರು. ಸ್ವರವೇನೋ ಇಳಿಯಿತು, ಹೊರುವವನ ಭಾರ ಏರಿತು. ಅಮೆರಿಕದವರದು ಸೀರೆ ಅಂಗಡಿಯ ವ್ಯಾಪಾರ: ಅದೇ ಮಾದರಿ ಕಾಳಿ ಎರಡರಲ್ಲಿ ಬೇಕೋ ಐದರಲ್ಲಿ ಬೇಕೋ, ಮೂರು ವಾಲ್ವೋ ನಾಲ್ಕೋ, ಬರಿ ಹಿತ್ತಾಳೆಯೋ ಬೆಳ್ಳಿ ಲೇಪದ್ದೋ, ನೀವು ಕೇಳುವುದೇ ತಡ. ಧ್ವನಿಮುದ್ರಣ ಶುರುವಾದಾಗ ಮೇಲೆ ನೋಡುತ್ತಿದ್ದ ಟ್ಯೂಬಾದ ಬಾಯನ್ನು ಮುಂದಕ್ಕೆ ಹೊರಳಿಸಿ ಮಾರಿದರು. ಹೆಗಲ ಮೇಲೆ ಹೂವಿನ ಹಾರದಂತೆ ಹಾಕಿಕೊಳ್ಳುವ ಟ್ಯೂಬಾ ಬಂತು. ಅದರ ಮೊದಲ ಅವತಾರದ ಬಾಯಿ ಆಕಾಶಕ್ಕೆ ತೆರೆದಿದ್ದರಿಂದ ಊದುವವರೇ ಅದಕ್ಕೆ 'ಮಳೆ ಹಿಡಿಯುವ ಬಾಜಾ' ಎಂಬರ್ಥದ ಅಡ್ಡಹೆಸರು ಇಟ್ಟರಂತೆ. ಹೈ ಪಿಚ್, ಲೋ ಪಿಚ್ ಎಂದು ಒಂದು ಪುಟ ಏನೋ ಇತ್ತು. ಅದು ನನಗೆ ಅರ್ಥವಾಗಲಿಲ್ಲ. ಅರ್ಥವಾಗದ್ದು ಪೇಪರಿಗೆ ಘನತೆ ತರುತ್ತದೆ ಎಂದು ಹಾಗೆಯೇ ಇಳಿಸಿಕೊಂಡೆ.

ಬರೀ ಓದಿದರೆ ಸಾಲದು, ವಾದ್ಯ ತೋರಿಸಬೇಕು ಎಂದು ಪ್ರಿನ್ಸಿಪಾಲರು ಅಂದಿದ್ದರಿಂದ ಹುಬ್ಬಳ್ಳಿಯಲ್ಲಿ ಬ್ಯಾಂಡ್ ನಡೆಸುವ ಮೋದಿನಸಾಬರ ಅಂಗಡಿಗೆ ಹೋದೆ. ಅವರ ಹತ್ತಿರ ತಂದೆಯ ಕಾಲಕ್ಕೆ ಮಿಲಿಟರಿ ಹರಾಜಿನಲ್ಲಿ ಕೊಂಡ, ಇಂಗ್ಲೆಂಡಿನಲ್ಲಿ ಮಾಡಿದ ಕಾಳಿ ಎರಡರ ಒಂದು ಟ್ಯೂಬಾ ಇತ್ತು. ಅಂಗಡಿಯಲ್ಲಿ ಎಲ್ಲರೂ ಅದನ್ನು 'ಅಜ್ಜ' ಎನ್ನುತ್ತಿದ್ದರು. "ಒಯ್ಯರಿ ಸರ, ಲಗ್ನದ ಸೀಜನ್ ಚಾಲೂ ಆಗೂದ್ರಾಗ ಮುಟ್ಟಿಸಿಬಿಡ್ರಿ," ಎಂದು ಮೋದಿನಸಾಬರು ದೊಡ್ಡ ಮನಸ್ಸು ಮಾಡಿದರು. "ಆದ್ರ ಅಜ್ಜನ್ನ ಅಡ್ಡ ಮಲಗಸಬ್ಯಾಡ್ರಿ, ಕೊಳವಿ ನೆಗ್ಗತೈತಿ. ಬಾಯಿ ಕೆಳಗ ಮಾಡಿ ಡಬ್ಬ ಹಾಕಿ ಇಡ್ರಿ." ಊದುವುದು ಹೇಗೆ ಎಂದು ಕೇಳಿದೆ. "ಏನಿಲ್ಲರಿ, ಕುದುರಿ ತುಟಿ ಪುರ್ರ್ ಅನಸತೈತಲ್ಲ, ಹಂಗ ಅನಸೂದು," ಎಂದು ಮಾಡಿ ತೋರಿಸಿದರು. ನಾನೂ ಅನ್ನಿಸಿದೆ. ಅಂಗಡಿಯ ಮುಂದೆ ನಿಂತಿದ್ದ ಟಾಂಗಾದ ಕುದುರೆ ಹೊರಳಿ ನೋಡಿತು.

ಬಸ್ಸಿನಲ್ಲಿ ಕಂಡಕ್ಟರು ಅಜ್ಜನಿಗೂ ಅರ್ಧ ಟಿಕೆಟ್ ಹರಿದು ಕೊಟ್ಟ. ಪಕ್ಕದವರು ಬಹಳ ಹೊತ್ತು ಅದನ್ನು ಸವರಿ ನೋಡಿ, "ನೀರ ಕಾಸೂ ಬಂಬ್ ಏನ್ರಿ? ಹೊಸಾ ಮಾಡಲ್ ಕಾಣತೈತಿ. ಉರಿ ಎಲ್ಲಿ ಹಚ್ಚತಾರ?" ಎಂದರು. ಮನೆ ಮುಟ್ಟಿದ ಮೇಲೆ ಅಜ್ಜನನ್ನು ಎಲ್ಲಿಡುವುದು ಎಂಬ ಪ್ರಶ್ನೆ ಎದ್ದಿತು. ಹೊರಗಿನ ಖೋಲಿಯಲ್ಲಿ ಇಟ್ಟರೆ ಬಂದವರಿಗೆ ಕೂರಲು ಜಾಗವಿಲ್ಲ, ಒಳಗಿಟ್ಟರೆ ನಮಗೆ ಮಲಗಲು ಜಾಗವಿಲ್ಲ. ಕೊನೆಗೆ ಅಡುಗೆಮನೆಯ ಮೂಲೆಯಲ್ಲಿ, ಜೋಳದ ಡಬ್ಬಿಯ ಪಕ್ಕದಲ್ಲಿ, ಬಾಯಿ ಕೆಳಗೆ ಮಾಡಿ ಇಟ್ಟೆವು. ನಾನು ದಿನವೂ ಸಂಜೆ ಒಂದೇ ಒಂದು ಸ್ವರ ಅಭ್ಯಾಸ ಮಾಡಿದೆ. ಗುಂಡಿ ಒತ್ತದೆ ಊದಿದರೆ ಬರುವ ಷಡ್ಜ ಅದು. ಗಿರಿಜಾ ಆ ಹೊತ್ತಿಗೆ ಸರಿಯಾಗಿ ಪೇಟೆಗೆ ಹೋಗುತ್ತಿದ್ದಳು. ನಮ್ಮ ಮನೆಯಲ್ಲಿ ಕಾಯಿಪಲ್ಲೆ ಆ ತಿಂಗಳಿನಷ್ಟು ಎಂದೂ ಆಗಿರಲಿಲ್ಲ.

ಪೇಪರ್ ಓದುವ ವಾರಕ್ಕೆ ಸರಿಯಾಗಿ ಶಿರಗುಪ್ಪಿಯಿಂದ ನಮ್ಮ ಅತ್ತೆಯವರು ಬಂದರು. ಅತ್ತೆಯವರು ಬಂದದ್ದು ತಪ್ಪಲ್ಲ. ಅವರ ಹಿಂದೆಯೇ ನೀರೂ ಬಂದದ್ದು ತಪ್ಪು. ಅವಳಿ ನಗರದವರಿಗೆ ನಾನು ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಗ ನಳದಲ್ಲಿ ನೀರು ವಾರಕ್ಕೊಮ್ಮೆ ಬಂದರೆ ನಮ್ಮ ಪುಣ್ಯ. ಓಣಿಯಲ್ಲಿ "ನಳಾ ಬಂತೋ!" ಎಂಬ ಕೂಗು ಎದ್ದರೆ ಮಲಗಿದ್ದವರು, ಪೂಜೆಗೆ ಕೂತವರು, ಜಗಳ ಆಡುತ್ತಿದ್ದವರು ಎಲ್ಲರೂ ಎದ್ದು, ಹೊಟ್ಟೆ ಇದ್ದದ್ದನ್ನೆಲ್ಲ ತುಂಬಿಸಬೇಕು. ಪೀಪಾಯಿ, ಕೊಡ, ಹಂಡೆ, ಕುಕ್ಕರು, ಊಟದ ಡಬ್ಬಿ, ಹೂವಿನ ಕುಂಡದ ತಟ್ಟೆ. ಪೇಪರ್ ಓದುವ ದಿನ ನಸುಕಿನಲ್ಲಿ ನಳ ಬಂತು. ನಾನು ಹೊರಗಿನ ಖೋಲಿಯಲ್ಲಿ ಬಾಗಿಲು ಹಾಕಿಕೊಂಡು ಜರ್ಮನಿ, ಫ್ರಾನ್ಸು ಎಂದು ಬಾಯಿಪಾಠ ಮಾಡುತ್ತಿದ್ದೆ. ಹೊರಡುವ ಹೊತ್ತಿಗೆ ಆಟೋ ಕರೆಸಿ, ಒಳಗೆ ಹೋಗಿ ನೋಡುತ್ತೇನೆ, ಅಜ್ಜ ಬಾಯಿ ಮೇಲೆ ಮಾಡಿಕೊಂಡು ಗೋಡೆಗೆ ಒರಗಿ ನಿಂತಿದ್ದಾನೆ, ಒಳಗೆ ನೀರು ತುಳುಕುತ್ತಿದೆ, ಮೇಲೊಂದು ತಾಟು ಮುಚ್ಚಿದೆ.

"ಡಬ್ಬ ಹಾಕಿದ್ರಲ್ಲ, ತೊಳದಿಟ್ಟದ್ದು ಅಂತ ತಿಳಕೊಂಡ್ನಿರಿ," ಎಂದರು ಅತ್ತೆಯವರು. "ಬಾಜೂಕಿನ ಸಣ್ಣ ಬಾಯಾಗಿಂದ ಸೋರಾಕತ್ತಿತ್ತು, ಒಂದ ಅರಿವಿ ತುರುಕೇನಿ. ಆದ್ರ ಏನ ಅನ್ರಿ, ನೋಡಾಕ ಡೊಳ್ಳ ಇದ್ದಷ್ಟ ನೀರ ಹಿಡಿಯೂದಿಲ್ಲ ಇದು." ಅಳಿಯನಾದವನು ಅತ್ತೆಯ ಮೇಲೆ ಸಿಟ್ಟಾಗುವ ಪದ್ಧತಿ ನಮ್ಮ ಕಡೆ ಇಲ್ಲ, ಸಿಟ್ಟಾದರೂ ಅದನ್ನು ಅವರ ಮಗಳ ಮೇಲೆ ತೀರಿಸಬೇಕು. ನಾನು ಅಜ್ಜನನ್ನು ಎತ್ತಿ ಮೋರಿಗೆ ಬಗ್ಗಿಸಲು ಹೋದೆ. ಗಿರಿಜಾ ಅಡ್ಡ ಬಂದು, "ಅಯ್ಯ, ಚೆಲ್ಲಬ್ಯಾಡ್ರಿ! ಬಕೀಟಿಗೆ ಬಗ್ಗಸ್ರಿ, ಅರಿವಿ ಹಿಂಡಾಕ ಬರತೈತಿ," ಎಂದಳು. ತುರುಕಿದ್ದ ಅರಿವೆ ಕಿತ್ತು ಬಕೀಟಿಗೆ ಬಗ್ಗಿಸಿದೆ. ದೊಡ್ಡ ಹೊಟ್ಟೆಯದೇನೋ ಬಂತು. ಆದರೆ ಟ್ಯೂಬಾದ ಕರುಳು ನಮ್ಮ ಓಣಿಗಳಿಗಿಂತ ಹೆಚ್ಚು ತಿರುವು ಉಳ್ಳದ್ದು. ಹೊರಗೆ ಆಟೋದವ ಹಾರ್ನ್ ಹೊಡೆಯುತ್ತಿದ್ದ. ಇಷ್ಟು ಸಾಕು ಎಂದು ಹೊರಟೆ.

ಸಾಮಾನ್ಯವಾಗಿ ಇಂಥ ಪೇಪರುಗಳಿಗೆ ಬರುವವರು ಕಮಿಟಿಯವರು ಮತ್ತು ಉಪ್ಪಿಟ್ಟು ಶಿರಾದ ಮೇಲೆ ಭಕ್ತಿ ಉಳ್ಳ ನಾಲ್ಕು ಸಹೋದ್ಯೋಗಿಗಳು. ಅಂದು ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಅಂಗಡಿ ಸರ್ ಬಾಜಾ ಊದುತ್ತಾರಂತೆ ಎಂಬ ಸುದ್ದಿ ಹಬ್ಬಿ, ಸಪ್ತಾಪುರದ ರಸಿಕರೆಲ್ಲ ಬಂದು ಹಾಲ್ ತುಂಬಿತ್ತು. ನಿಷಾದದ ಪೋಸ್ಟ್ ಮಾಸ್ತರರು ಎರಡನೆಯ ಸಾಲಿನಲ್ಲಿ ಶಾಲು ಹೊದ್ದು ಕೂತಿದ್ದರು. ಟ್ಯೂಬಾ ಯಾರಿಗೂ ಗೊತ್ತಿಲ್ಲದ್ದೇನೋ ಸರಿ, ಆದರೆ ಅದರಿಂದ ಹೊರಡುವುದು ಸ್ವರವಲ್ಲವೆ? ಈ ಊರಿನಲ್ಲಿ ನಾನು ಬೇರೆ ಯಾವ ವಿಷಯವನ್ನಾದರೂ ತೆಗೆದುಕೊಳ್ಳಬಹುದಿತ್ತು. ಹೋಗಿ ಹೋಗಿ ಸಪ್ಪಳ ಆಗುವಂಥದ್ದನ್ನು ಆರಿಸಿದ್ದೆ. ಬುದ್ಧಿಗೇಡಿತನಕ್ಕೂ ಒಂದು ಮಿತಿ ಬೇಡವೆ?

ಓದಿದೆ. ಜರ್ಮನಿ ದಾಟಿತು, ಫ್ರಾನ್ಸು ದಾಟಿತು, ಅಮೆರಿಕದ ಆಯ್ಕೆಗಳೂ ಮುಗಿದವು. ಕಟ್ಟಿ ಸರ್ ಕಣ್ಣು ಮುಚ್ಚಿದ್ದರು. "ಈಗ ನೀವು ನೋಡುತ್ತಿರುವುದು ಇಂಗ್ಲಿಷ್ ಮಾದರಿ, ಇ ಫ್ಲ್ಯಾಟ್, ಅಂದರೆ ನಮ್ಮ ಕಾಳಿ ಎರಡು," ಎಂದು ಹೇಳಿ, ಅಜ್ಜನನ್ನು ತೊಡೆಯ ಮೇಲೆ ಇಟ್ಟುಕೊಂಡು, ಕುದುರೆಯನ್ನು ನೆನೆದು ಊದಿದೆ. ಒಳಗಿನಿಂದ ಗುಡುಗುಡು ಗುಡುಗುಡು ಎಂದು ಹುಕ್ಕಾ ಸೇದಿದ ಸಪ್ಪಳ ಬಂತು. ಹಿಂದೆ ನಿಂತಿದ್ದ ಕಾಲೇಜಿನ ಹುಡುಗರು ಹೋ ಎಂದರು. ಇದೇನಪ್ಪಾ ಎಂದು ಬಾಯಿಯನ್ನು ಸಭೆಯ ಕಡೆ ಬಗ್ಗಿಸಿ ನೋಡಹೋದರೆ, ಉಳಿದಿದ್ದ ನೀರು ದಡಕ್ಕನೆ ಹೊರಬಂದು ಕಮಿಟಿಯ ಮೇಜಿನ ಮೇಲೆ ಹರಿದು ಕಟ್ಟಿ ಸರ್ ಅವರ ಧೋತರದ ಮಡಿಲಿಗೆ ಇಳಿಯಿತು. ಅವರು ಕಣ್ಣು ತೆರೆದರು. ನನ್ನ ಬಡ್ತಿ ಆ ನೀರಿನಲ್ಲೇ ಹರಿದು ಹೋಗುವುದು ನನಗೆ ಕಾಣಿಸಿತು.

"ಅಂಗಡಿಯವರ," ಎಂದರು ಕಟ್ಟಿ ಸರ್ ನಿಧಾನವಾಗಿ. "ಸಪ್ತಾಪುರಕ್ಕ ಇವತ್ತ ನೀರ ಬಂತೇನು?"

"ಹೌದ್ರಿ ಸರ್, ನಸುಕಿನ್ಯಾಗ."

"ಹಂಗಾದ್ರ ನಮ್ಮ ಓಣಿಗೆ ಯಾಕ ಬಂದಿಲ್ಲಾ?" ಎಂದು ಅವರು ಪ್ರಿನ್ಸಿಪಾಲರ ಕಡೆ ತಿರುಗಿದರು. ಪ್ರಿನ್ಸಿಪಾಲರ ಓಣಿಗೂ ಬಂದಿರಲಿಲ್ಲ. ಹಿಂದಿನಿಂದ ಯಾರೋ ತಮ್ಮಲ್ಲಿ ಬಂದರೂ ಒತ್ತಡವಿರಲಿಲ್ಲ ಎಂದರು. ಸಭೆ ಸ್ವಲ್ಪ ಹೊತ್ತು ಟ್ಯೂಬಾವನ್ನು ಮರೆತು ನೀರು ಬಿಡುವ ವಾಲ್ವಮನ್ನನ ಮೇಲೆ ಹರಿಹಾಯ್ದಿತು. ಆ ಸಂದಿಯಲ್ಲಿ ನಾನು ಅಜ್ಜನನ್ನು ಉರುಳಿಸಿ, ಹೊರಳಿಸಿ, ಅಲ್ಲಾಡಿಸಿ ಉಳಿದ ನೀರನ್ನು ಕಿಟಕಿಯಾಚೆ ಬಗ್ಗಿಸಿ ಬಂದು ಮತ್ತೆ ಊದಿದೆ. ಈ ಸಲ ಸ್ವರ ಹೊರಟಿತು. ಏನು ಸ್ವರ ಅದು! ಹಾಲಿನ ಕಿಟಕಿಯ ಗಾಜುಗಳು ಗುಂಯ್ ಎಂದವು. ನಾನು ಊದಿದೆ ಎಂದು ನನಗೇ ನಂಬಿಕೆಯಾಗಲಿಲ್ಲ. ವಾಲ್ವಮನ್ನನನ್ನು ಬಿಟ್ಟು ಎಲ್ಲರೂ ನನ್ನ ಕಡೆ ಹೊರಳಿದರು.

ಕಟ್ಟಿ ಸರ್ ಬೆರಳೆತ್ತಿದರು. "ಒಂದ ಸಣ್ಣ ಸಂಶಯ ಅದ. ನೀವು ಇದನ್ನ ಕಾಳಿ ಎರಡು ಅಂದ್ರಿ. ಇದು ಕಾಳಿ ಎರಡಲ್ಲ."

"ಅಲ್ಲೇ ಅಲ್ಲರಿ, ಏರೇತಿ," ಎಂದರು ಪೋಸ್ಟ್ ಮಾಸ್ತರರು. "ಹಂಗಂತ ಪಾಂಢರಿ ಮೂರೂ ಅಲ್ಲ," ಎಂದರು ಇನ್ನೊಬ್ಬರು. ಯಾರೋ ಓಡಿಹೋಗಿ ಪ್ರಾರ್ಥನೆಯ ಹಾರ್ಮೋನಿಯಂ ಹೊತ್ತು ತಂದರು. ಪೋಸ್ಟ್ ಮಾಸ್ತರರು ಕಾಳಿ ಎರಡನ್ನು ಒತ್ತಿ ಹಿಡಿದರು, ನಾನು ಊದಿದೆ. ಇಡೀ ಸಭೆ ಹಲ್ಲು ಕಚ್ಚಿತು. ಪಾಂಢರಿ ಮೂರನ್ನು ಒತ್ತಿದರು, ನಾನು ಊದಿದೆ. ಮತ್ತೆ ಹಲ್ಲು ಕಚ್ಚಿತು. ಅಜ್ಜ ಎರಡು ಮನೆಗಳ ನಡುವಿನ ಗೋಡೆಯ ಮೇಲೆ ಕೂತಿದ್ದ. "ಇದಕ್ಕೇನಂತೀರಿ?" ಎಂದರು ಕಟ್ಟಿ ಸರ್.

ಬೆವರು ಒರೆಸಿಕೊಳ್ಳುತ್ತ ಪೇಪರಿನ ಹಾಳೆ ತಿರುವಿದೆ. ಅರ್ಥವಾಗದೆ ಇಳಿಸಿಕೊಂಡಿದ್ದ ಆ ಪುಟ ಕಣ್ಣಿಗೆ ಬಿತ್ತು. ಓದುತ್ತ ಓದುತ್ತ ಒಮ್ಮೆಲೇ ಹೊಳೆಯಿತು. ಆ ಕಾಲದಲ್ಲಿ ಇಂಗ್ಲಿಷ್ ಬ್ಯಾಂಡುಗಳು ಇಡೀ ಸ್ವರಮಾಲೆಯನ್ನೇ ಒಂದಿಷ್ಟು ಏರಿಸಿ ಕಟ್ಟಿಕೊಂಡಿದ್ದವು. ಅದು ಹೈ ಪಿಚ್. ಉಳಿದವರದು ಲೋ ಪಿಚ್. ಎರಡರ ನಡುವೆ ಸುಮಾರು ಅರ್ಧ ಮನೆಯ ಅಂತರ. ಹೀಗಾಗಿ ಕಾರ್ಖಾನೆಯವರು ಕೆಲವು ವಾದ್ಯಗಳ ಜೊತೆಗೆ ಒಳಗೆ ಹೊರಗೆ ಸರಿಸಬಹುದಾದ ಎರಡು ಜೋಡಿ ಜಾರುಕೊಳವೆ ಕೊಡುತ್ತಿದ್ದರು. ಗಿಡ್ಡದು ಹಾಕಿದರೆ ಸ್ವರ ಮೇಲೆ, ಉದ್ದದ್ದು ಹಾಕಿದರೆ ಕೆಳಗೆ. "ಸರ್, ಇದು ಕಾಳಿ ಎರಡೇ," ಎಂದೆ. ನನ್ನ ಧ್ವನಿ ನನಗೇ ಗುರುತು ಸಿಗದಷ್ಟು ಗಟ್ಟಿಯಾಗಿತ್ತು. "ಆದರೆ ಆಗಿನ ಇಂಗ್ಲಿಷ್ ಬ್ಯಾಂಡಿನ ಕಾಳಿ ಎರಡು. ಉದ್ದದ ಕೊಳವೆ ಹರಾಜಿನಲ್ಲೋ ಎಲ್ಲೋ ಕಳೆದಿದೆ." ಹೇಳುತ್ತಿದ್ದಂತೆ ನನಗೆ ಎಷ್ಟು ಸಂತೋಷವಾಯಿತೆಂದರೆ, ಬಡ್ತಿ, ಕಮಿಟಿ, ಕೆಮಿಸ್ಟ್ರಿಯವನ ಹೆಂಡತಿ ಎಲ್ಲ ಆ ಕ್ಷಣಕ್ಕೆ ಮರೆತೇಹೋ‌ದವು. ನಾನು ಓದಿದ ಪೇಪರು ನನಗೆ ಅರ್ಥವಾಗಿತ್ತು!

"ಬಾಯಿಲೆ ಹೇಳಿದ್ರ ಆಗಲಿಲ್ಲ, ಇಳಿಸಿ ತೋರಸ್ರಿ," ಎಂದರು ಕಟ್ಟಿ ಸರ್. ಇದ್ದ ಗಿಡ್ಡ ಕೊಳವೆಯನ್ನೇ ಹೊರಗೆ ಎಳೆಯುತ್ತ ಊದತೊಡಗಿದೆ. ಪೋಸ್ಟ್ ಮಾಸ್ತರರು ಕಾಳಿ ಎರಡನ್ನು ಬಿಡದೆ ಹಿಡಿದಿದ್ದರು. "ಇನ್ನಷ್ಟ ಇಳಸ್ರಿ," ಎಂದರು ಒಬ್ಬರು. "ಇನ್ನೊಂದ ಎಳೀ... ಸಾವಕಾಶ, ಸಾವಕಾಶ!" ಎಂದರು ಇನ್ನೊಬ್ಬರು. ಹಾಲಿನ ತುಂಬ ಕೈಗಳು ಕೆಳಕ್ಕೆ, ಕೆಳಕ್ಕೆ ಎಂದು ತೋರಿಸುತ್ತಿದ್ದವು. ಕೊಳವೆ ತುದಿಗೆ ಬಂದು, ಇನ್ನೇನು ಕಳಚಿ ಕೈಗೆ ಬರಬೇಕು ಎನ್ನುವಾಗ, ಸಭೆಯೆಲ್ಲ ಒಂದೇ ಬಾಯಿಂದ "ವಾಹ್!" ಎಂದಿತು. ಟ್ಯೂಬಾ ಮತ್ತು ಹಾರ್ಮೋನಿಯಂ ಕೂಡಿದ್ದವಂತೆ. ನನಗೇನೂ ಗೊತ್ತಾಗಲಿಲ್ಲ. ಆದರೂ ಧಾರವಾಡದಲ್ಲಿ ನಿಂತು 'ವಾಹ್' ಅನ್ನಿಸಿಕೊಂಡೆನಲ್ಲ ಎಂದು ಕಣ್ಣು ತುಂಬಿ ಬಂತು. ಕಟ್ಟಿ ಸರ್ ಒದ್ದೆ ಧೋತರ ಹಿಂಡಿಕೊಳ್ಳುತ್ತ ಕಮಿಟಿಯವರಿಗೆ ಹೇಳಿದರು: "ಧಾರವಾಡದೊಳಗ ನಿಂತು ಇಷ್ಟು ಬೇಸೂರ ಊದಿ, ಓಡಿ ಹೋಗದ ಉತ್ತರಾನೂ ಕೊಟ್ಟಾನ. ಇವಗ ಬಡ್ತಿ ಕೊಡದ ಮತ್ತ ಯಾರಿಗೆ ಕೊಡತೀರಿ?"

ಬಡ್ತಿ ಬಂತು. ಗಿರಿಜಾ ಊರೆಲ್ಲ ಕುಂಕುಮಕ್ಕೆ ಹೋಗಿ ಬಂದಳು, ಕೆಮಿಸ್ಟ್ರಿಯವರ ಮನೆಗೆ ಎರಡು ಸಲ. ಅಜ್ಜ ಹುಬ್ಬಳ್ಳಿಗೆ ಮರಳಿ ಲಗ್ನದ ಕೆಲಸಕ್ಕೆ ಹತ್ತಿದ. ಆದರೆ ಬಡ್ತಿಯ ಬೆನ್ನಿಗೇ ಊರಿನ ಸಂಗೀತ ಮಂಡಳಿಯವರು ಬಂದು ನನ್ನನ್ನು ಉಪಾಧ್ಯಕ್ಷ ಮಾಡಿದರು. "ಅರ್ಧ ಮನಿ ಫರಕ ಹಿಡದಾವ್ರು ನೀವು, ಒಲ್ಲೆ ಅನಬ್ಯಾಡ್ರಿ," ಎಂದರು. ಹಿಡಿದದ್ದು ಅವರು, ಹೆಸರು ನನ್ನದು. ಈಗ ಎಷ್ಟೋ ವರ್ಷಗಳಿಂದ ಪ್ರತಿ ಕಚೇರಿಯಲ್ಲೂ ನಾನು ಮುಂದಿನ ಸಾಲಿನ ನಡುವೆ ಕೂರುತ್ತೇನೆ. ಗಾಯಕರು ತಂಬೂರಿ ಕೂಡಿಸಿ ನನ್ನ ಕಡೆ ನೋಡುತ್ತಾರೆ. ನಾನು ತಲೆಯಾಡಿಸಿದ ಮೇಲೆಯೇ ಷಡ್ಜ ಹಚ್ಚುವುದು. ನಾನು ಸಾವಕಾಶ ಹೆಂಗಸರ ಸಾಲಿನ ಕಡೆ ಕಣ್ಣು ಹೊರಳಿಸುತ್ತೇನೆ. ಶ್ರುತಿ ಕೂಡಿದ್ದರೆ ಗಿರಿಜಾ ಬಳೆ ಹಿಂದಕ್ಕೆ ಸರಿಸುತ್ತಾಳೆ. ಇದು ನಮ್ಮಿಬ್ಬರ ನಡುವಿನ ಒಪ್ಪಂದ, ಒಮ್ಮೆಯೂ ತಪ್ಪಿರಲಿಲ್ಲ.

ಕಳೆದ ತಿಂಗಳು ಹೊರಗಿನಿಂದ ಒಬ್ಬ ಎಳೆಯ ಗಾಯಕ ಬಂದಿದ್ದ. ತಂಬೂರಿ ತಿರುವಿದ, ನನ್ನ ಕಡೆ ನೋಡಿದ. ಗಿರಿಜಾ ಬಳೆ ಸರಿಸಿದಳು. ನಾನು ಕಣ್ಣು ಮುಚ್ಚಿ, ತೂಕವಾಗಿ ತಲೆಯಾಡಿಸಿದೆ. ಆತ ಶುರು ಮಾಡಿದ. ಸ್ವಲ್ಪ ಹೊತ್ತಿಗೆ ನನ್ನ ಸುತ್ತ ಮುತ್ತ ಜನ ಹಲ್ಲು ಕಚ್ಚತೊಡಗಿದರು. ಆದರೆ ಅಂಗಡಿ ಸರ್ ತಲೆಯಾಡಿಸಿದ್ದಾರೆ ಎಂದ ಮೇಲೆ ಯಾರು ಬಾಯಿ ಬಿಡಬೇಕು? ಎಲ್ಲರೂ ಮುಖ ಹಿಂಡಿಕೊಂಡೇ ಕೊನೆಯವರೆಗೆ ಕೂತು, "ಬ್ಯಾರೇನ ಘರಾಣೆ ಇದು" ಎಂದು ಪಿಸುಗುಡುತ್ತ ಎದ್ದು ಹೋದರು. ಮನೆಗೆ ಬರುವಾಗ ದಾರಿಯಲ್ಲಿ ಕೇಳಿದೆ, "ಬಳಿ ಸರಿಸಿದಿ ಅಲ್ಲ?"

"ಬಿಗಿ ಆಗಿದ್ದವು, ಸರಿಸಿದೆ," ಎಂದಳು ಗಿರಿಜಾ.

"ಮತ್ತ ಶ್ರುತಿ?"

"ಅದನ್ನ ನಾ ಹೆಂಗ ಹೇಳ್ಲಿ? ಮುಂದಿನ ಸಾಲಿನ್ಯಾಗ ಕುಂತಾವ್ರು ನೀವು."